ಮೂಲೆಯ ಕೋಲು ಮುಟ್ಟಿ ಬಂದವಳು

ಭಟ್ಕಳದ ಮೈದಾನದಲ್ಲಿ ನಡೆದ ಮೊದಲ ಪಂದ್ಯದಲ್ಲಿ ಕುಮಟಾ ಕಾಲೇಜಿನ ಹುಡುಗಿಯರು ಆರು ಗೋಲು ತಿಂದರು. ತಿಂದದ್ದಕ್ಕೆ ಯಾರೂ ನಗಲಿಲ್ಲ. ಫುಟ್‌ಬಾಲಿನಲ್ಲಿ ಭಟ್ಕಳದವರ ಎದುರು ಗೋಲು ತಿನ್ನುವುದು ಸುತ್ತಲಿನ ಊರುಗಳಿಗೆಲ್ಲ ರೂಢಿ. ಅಲ್ಲಿ ಅಣ್ಣಂದಿರು ಸಂಜೆಯ ಇಳಿತದ ಹೊತ್ತಿಗೆ ಸಮುದ್ರದ ದಂಡೆಯಲ್ಲಿ ಚೆಂಡು ಒದೆಯುತ್ತಾರೆ, ತಂಗಿಯರು ಅದೇ ಚೆಂಡನ್ನು ಮನೆಯಂಗಳದಲ್ಲಿ ಒದೆಯುತ್ತಾರೆ. ಜನ ನಕ್ಕದ್ದು ಕುಮಟೆಯ ಕ್ಯಾಪ್ಟನ್ ಧನ್ಯಾ ಮಾಡಿದ ಕೆಲಸಕ್ಕೆ.

ಎರಡನೆಯ ಅರ್ಧದಲ್ಲಿ ಅವಳಿಗೆ ಒಮ್ಮೆ ಚೆಂಡು ಸಿಕ್ಕಿತು. ಬಲಬದಿಯ ಗೆರೆ ಹಿಡಿದು ಓಡಿದಳು. ಬೆನ್ನಿಗೆ ಬಿದ್ದ ಇಬ್ಬರು ಹಿಂದುಳಿದರು. ಎಡಕ್ಕೆ ಗೋಲು, ನಡುವೆ ಕೀಪರ್ ಬಿಟ್ಟರೆ ನರಪಿಳ್ಳೆ ಇಲ್ಲ. ತಿರುಗಿದ್ದರೆ ಸಾಕಿತ್ತು. ಧನ್ಯಾ ತಿರುಗಲಿಲ್ಲ. ನೇರ ಮೂಲೆಯವರೆಗೆ ಓಡಿ, ಅಲ್ಲಿ ನೆಟ್ಟಿದ್ದ ಬಾವುಟದ ಕೋಲನ್ನು ಕೈಯಿಂದ ಮುಟ್ಟಿ, ಆಮೇಲೆ ತಿರುಗಿದಳು. ಅಷ್ಟರಲ್ಲಿ ಚೆಂಡು ಗೆರೆ ದಾಟಿ ಚರಂಡಿಗೆ ಬಿದ್ದಿತ್ತು.

ಖೋ-ಖೋ ಆಡಿದವರಿಗಷ್ಟೇ ಅರ್ಥವಾಗುವ ತಪ್ಪು ಅದು. ಖೋ-ಖೋದಲ್ಲಿ ಅಟ್ಟಿಸಿಕೊಂಡು ಹೋಗುವವಳು ಒಮ್ಮೆ ಒಂದು ದಿಕ್ಕು ಹಿಡಿದಳೆಂದರೆ ಹಿಂದಿರುಗುವಂತಿಲ್ಲ. ಕೊನೆಯ ಕಂಬ ಮುಟ್ಟಿಯೇ ದಿಕ್ಕು ಬದಲಿಸಬೇಕು. ಧನ್ಯಾ ಪ್ರೈಮರಿ ಶಾಲೆಯಿಂದ ಆಡಿದ್ದು ಅದೊಂದೇ ಆಟ. ತಂಡದ ಉಳಿದವರದ್ದೂ ಅದೇ ಕಥೆ. ಗೋಲ್‌ಕೀಪರ್ ಗಣಪಿಯಂತೂ ಖೋ-ಖೋದಲ್ಲಿ ಯಾರ ಕೈಗೂ ಸಿಗದೆ ನುಣುಚಿಕೊಳ್ಳುವವಳು. ಚೆಂಡು ಬಂದಾಗಲೂ ಹಾಗೆಯೇ ನುಣುಚಿಕೊಂಡಿದ್ದಳು. ಆರು ಗೋಲೂ ಹೋದದ್ದು ಹಾಗೆ.

ಪಂದ್ಯ ಮುಗಿದು ಕೈ ಕುಲುಕುವಾಗ ಭಟ್ಕಳದ ಕ್ಯಾಪ್ಟನ್ ರಿದಾ ಕೇಳಿದಳು: "ಕಂಬಕ್ಕೆ ಹರಕೆ ಏನಾದ್ರೂ ಹೊತ್ಕೊಂಡಿದ್ಯಾ?"

ಧನ್ಯಾ ಕೈ ಬಿಡಿಸಿಕೊಂಡು ತನ್ನ ಚೀಲ ಎತ್ತಿಕೊಂಡಳು.

ವಾಪಸು ಬರುವ ರೈಲು ಮುರ್ಡೇಶ್ವರ ಸ್ಟೇಷನ್ ದಾಟಿತು. ಮೊದಲು ಮಾತೆತ್ತಿದವಳು ಶಾಂಭವಿ. ತೋಟದ ಮನೆಯ ಹುಡುಗಿ, ತಂಡದಲ್ಲಿ ಎಲ್ಲರಿಗಿಂತ ಚುರುಕು. ಕಾಲೇಜಿನಲ್ಲಿ ಎಲ್ಲರಂತೆ ಮಾತಾಡಿದರೂ ಸಿಟ್ಟು ಬಂದರೆ ಅವಳ ಬಾಯಲ್ಲಿ ಮನೆಯ ಹವ್ಯಕ ಮಾತೇ ಬರುತ್ತಿತ್ತು.

"ಫುಟ್‌ಬಾಲು ಹೇಳಿರೆ ಎಂತ ಹೇಳಿ ನಿಂಗೂ ಗೊತ್ತಿಲ್ಲೆ, ಯಂಗೂ ಗೊತ್ತಿಲ್ಲೆ. ನಿನ್ನ ಮಾತು ಕೇಳಿ ಯನ್ನ ವರ್ಷ ಹಾಳಾತು."

ಮಾತು ಸುಳ್ಳಲ್ಲ. ಅವರೆಲ್ಲ ಬಿ.ಕಾಂ. ಕೊನೆಯ ವರ್ಷದವರು. ಹಿಂದಿನ ಎರಡು ವರ್ಷವೂ ಖೋ-ಖೋ ಫೈನಲ್‌ನಲ್ಲಿ ಹೊನ್ನಾವರದವರಿಗೆ ಸೋತು ಬಂದಿದ್ದರು. ಈ ವರ್ಷ ಹೊಸದಾಗಿ ಹುಡುಗಿಯರ ಫುಟ್‌ಬಾಲ್ ಲೀಗ್ ಶುರುವಾಯಿತು. ಅದೂ ಖೋ-ಖೋ ನಡೆಯುವ ಶನಿವಾರಗಳಂದೇ. ಯಾವುದಾದರೂ ಒಂದನ್ನು ಆರಿಸಬೇಕಿತ್ತು. ಫುಟ್‌ಬಾಲಿಗೆ ಹೆಸರು ಕೊಟ್ಟವು ಐದೇ ಕಾಲೇಜು. "ಕಡಿಮೆ ಜನ, ಸಲೀಸಾಗಿ ಕಪ್ ಸಿಗ್ತದೆ" ಎಂದು ಧನ್ಯಾ ಎಲ್ಲರನ್ನೂ ಒಪ್ಪಿಸಿದಳು. ಆಟದ ಮೇಲಿನ ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ಅಗ್ಗದ ಕಪ್ಪಿನ ಆಸೆ, ಅಷ್ಟೇ. ಖೋ-ಖೋ ಆಡಿದ್ದರೆ ಶಾಂಭವಿ ಈ ಸಲ ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾಗುತ್ತಿದ್ದಳು. ಅದು ಧನ್ಯಾಗೂ ಗೊತ್ತಿತ್ತು. ಈಗ ಕಪ್ ಬಾರದಿದ್ದರೆ ಇವರೆಲ್ಲರ ಕೊನೆಯ ವರ್ಷವನ್ನು ಚರಂಡಿಗೆ ಒದ್ದವಳು ತಾನೇ.

"ಫೈನಲ್‌ಗೆ ಹೋಗೂಕೆ ಇನ್ನೂ ಆಗ್ತದೆ," ಎಂದಳು.

"ಹೋಗಿ ಎಂತ ಮಾಡ್ತೆ? ಮತ್ತೊಂದು ಕಂಬ ಮುಟ್ತ್ಯಾ?"

ರೈಲಿನ ಡಬ್ಬಿಯಲ್ಲಿದ್ದವರೆಲ್ಲ ನಕ್ಕರು. ಧನ್ಯಾ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಅವರ ತರಬೇತುದಾರ ಹರೀಶ ಸರ್ ಮೂಲತಃ ವಾಲಿಬಾಲ್ ಆಟಗಾರರು. ಫುಟ್‌ಬಾಲನ್ನು ಮೊಬೈಲಿನಲ್ಲಿ ನೋಡಿ ಕಲಿಸುತ್ತಿದ್ದರು. ಸೋಮವಾರ ಮೈದಾನದಲ್ಲಿ ಪಾಸ್ ಮಾಡಿಸಿದರು. ಚೆಂಡು ಹತ್ತು ಸಲ ಹೋದರೆ ಎಂಟು ಸಲ ಯಾರಿಗೂ ಸಿಗದೆ ತಂತಿಬೇಲಿಗೆ ಬಡಿಯಿತು. ಕೊನೆಗೆ ಧನ್ಯಾ ಚೆಂಡನ್ನು ಕಾಲಡಿ ನಿಲ್ಲಿಸಿದಳು.

"ಸರ್, ದೂರ ಒದಿಯೂಕೆ ನಮ್ಗೆ ಬರೂದಿಲ್ಲ. ಹತ್ರ ಹೋಗಿ ಕೊಡ್ತೇವೆ."

"ಹತ್ರ ಅಂದ್ರೆ?"

"ಖೋ ಕೊಟ್ಟ ಹಾಂಗೆ."

ಶಾಂಭವಿಯನ್ನು ಗೋಲಿನ ಕಡೆ ಮುಖ ಮಾಡಿಸಿ ನಿಲ್ಲಿಸಿದಳು. ಚೆಂಡಿನೊಂದಿಗೆ ಓಡಿ ಅವಳ ಬೆನ್ನ ಹಿಂದೆ ಬಂದು, ಚೆಂಡನ್ನು ಅವಳ ಪಾದದ ಪಕ್ಕಕ್ಕೆ ತಳ್ಳಿ, "ಖೋ!" ಎಂದು ಕೂಗಿದಳು. ಶಾಂಭವಿ ಹಿಂದೆ ನೋಡಲಿಲ್ಲ, ಯೋಚಿಸಲಿಲ್ಲ. ಆ ಕೂಗು ಕಿವಿಗೆ ಬಿದ್ದದ್ದೇ ಬಿಲ್ಲಿನಿಂದ ಬಿಟ್ಟಂತೆ ಹೊರಟಳು. ಮುಂದೆ ನಿಂತವಳಿಗೆ ಅವಳು ಖೋ ಕೊಟ್ಟಳು, ಆ ಹುಡುಗಿ ಇನ್ನೊಬ್ಬಳಿಗೆ. ನಾಲ್ಕು ಖೋಗೆ ಚೆಂಡು ಗೋಲಿನೊಳಗಿತ್ತು.

ಹರೀಶ ಸರ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಇದು ಫುಟ್‌ಬಾಲ್ ಅಲ್ಲ ಮಾರಾಯ್ತಿ."

"ಗೋಲ್ ಆತಲ್ಲ ಸರ್?"

"ಆತು," ಎಂದರು ಅವರು. "ಆತು. ಇನ್ನೊಂದು ಸಲ ಮಾಡಿ ಕಾಂಬ."

ಮುಂದಿನ ಶನಿವಾರ ಹೊನ್ನಾವರದ ಒಂದು ಕಾಲೇಜನ್ನು ಸೋಲಿಸಿದರು. ಒಬ್ಬಳನ್ನು ಅಟ್ಟಿಸಿಕೊಂಡು ಬಂದು ಏದುಸಿರು ಬಿಡುತ್ತಿದ್ದ ಎದುರಾಳಿಯ ಮುಂದೆ ದಣಿಯದ ಇನ್ನೊಬ್ಬಳು ಚೆಂಡಿನೊಂದಿಗೆ ಹೊರಟುಬಿಡುತ್ತಿದ್ದಳು. ಹೊನ್ನಾವರದವರು ರೆಫರಿಗೆ ದೂರು ಕೊಟ್ಟರು. ತನ್ನವಳನ್ನು ತಾನು ಕೂಗಿ ಕರೆದರೆ ಯಾವ ನಿಯಮಕ್ಕೂ ಅಡ್ಡಿಯಿಲ್ಲ ಎಂದು ರೆಫರಿ ಪೀಪಿ ಊದಿದರು. ಆಮೇಲೆ ಹೊನ್ನಾವರದ ಇನ್ನೊಂದು ಕಾಲೇಜು ಸೋತಿತು. ಮುರ್ಡೇಶ್ವರದವರೂ ಸೋತರು. ನೋಡುವುದಕ್ಕೆ ಅದು ಚೆಂದದ ಆಟವೇನಲ್ಲ. ಮೈದಾನದಲ್ಲಿ ಕಾಗೆ ಎಬ್ಬಿಸಿದಂತೆ ಗದ್ದಲ. ಆದರೆ ಫೈನಲ್ ಪಟ್ಟಿಯಲ್ಲಿ ಭಟ್ಕಳದ ಕೆಳಗೆ ಕುಮಟೆಯ ಹೆಸರು ಬಿತ್ತು.

ಉಳಿದದ್ದು ಎರಡು ರೋಗ: ಧನ್ಯಾ ತಿರುಗುತ್ತಿರಲಿಲ್ಲ, ಗಣಪಿ ಚೆಂಡಿಗೆ ಹೆದರುತ್ತಿದ್ದಳು. ಗಣಪಿಯ ಮನೆ ಹೊಳನಗದ್ದೆಯಲ್ಲಿ. ಕೊಯ್ಲು ಮುಗಿದ ಅವರ ಗದ್ದೆಯಲ್ಲಿ ಇಬ್ಬರೂ ದಿನಾ ಸಂಜೆ ಒಬ್ಬರಿಗೊಬ್ಬರು ಮದ್ದು ಮಾಡಿದರು. ಧನ್ಯಾ ಓಡುವುದು, ಗಣಪಿ "ಹಿಂದೆ!" ಎಂದು ಕೂಗಿದ ಕ್ಷಣ ತಿರುಗುವುದು. ಮೊಣಕಾಲು ಮಾತು ಕೇಳಿತು, ಭುಜ ಕೇಳಲಿಲ್ಲ. ಕೂಳೆಯ ಮೇಲೆ ಬಿದ್ದು ಮೊಣಕೈ ತರಚಿತು.

"ಹಿಂದೆ ತಿರ್ಗಿದ್ರೆ ಯಾರೋ ಪೀಪಿ ಊದ್ತಾರೆ ಅಂದೇ ಅನಿಸ್ತದೆ ಕಣೆ."

"ನಾ ಊದೂದಿಲ್ಲ, ತಿರ್ಗು," ಎನ್ನುತ್ತಿದ್ದಳು ಗಣಪಿ.

ಆಮೇಲೆ ಗಣಪಿಯ ಸರದಿ. ಧನ್ಯಾ ಹತ್ತಿರದಿಂದ ಅವಳ ಎದೆಗೇ ಚೆಂಡು ಒದೆಯುವಳು.

"ತಪ್ಪಿಸ್ಕೊಳ್ಬೇಡ!"

"ತಪ್ಪಿಸ್ಕೊಳ್ದೆ ಸಾಯಲೇನೆ?"

"ಸಾಯು. ಫೈನಲ್ ಆದ್ಮೇಲೆ."

ಫೈನಲ್ ಭಟ್ಕಳದಲ್ಲೇ. ಮೈದಾನದ ಸುತ್ತ ಜನ. ಕುಮಟೆಯವರು ಮೈದಾನಕ್ಕೆ ಕಾಲಿಡುತ್ತಿದ್ದಂತೆ ಹುಡುಗರ ಗುಂಪೊಂದು "ಖೋ!" ಎಂದು ಕೂಗಿ ಸ್ವಾಗತಿಸಿತು. ಸುದ್ದಿ ಮೊದಲೇ ಮುಟ್ಟಿತ್ತು.

ರಿದಾ ಬೇಗನೆ ಒಂದು ಗೋಲು ಹೊಡೆದಳು. ಅವಳ ಒದೆತಕ್ಕೆ ಗಣಪಿ ತಪ್ಪಿಸಿಕೊಳ್ಳಲಿಲ್ಲ. ಹಾರಿದಳು, ಕೈಗೆ ಎಟುಕಲಿಲ್ಲ. ಅಷ್ಟರಮಟ್ಟಿಗೆ ರೋಗ ವಾಸಿಯಾಗಿತ್ತು. ವಿರಾಮಕ್ಕೆ ಮುಂಚೆ ಮೂರು ಖೋದಲ್ಲಿ ಶಾಂಭವಿಗೆ ಚೆಂಡು ಮುಟ್ಟಿತು, ಅವಳು ಸಮ ಮಾಡಿದಳು. ಎರಡನೆಯ ಅರ್ಧದಲ್ಲಿ ಮಾತ್ರ ಭಟ್ಕಳದವರು ಮದ್ದು ಕಂಡುಹಿಡಿದರು. ಚೆಂಡು ಯಾರ ಹತ್ತಿರವಿದೆ ಎಂದು ನೋಡುವುದನ್ನೇ ಬಿಟ್ಟು, ಮುಂದೆ ಬೆನ್ನು ತೋರಿಸಿ ಯಾರು ನಿಂತಿದ್ದಾಳೆ ಎಂದು ನೋಡತೊಡಗಿದರು. ಖೋ ಎಂದದ್ದೇ ತಡ, ಆ ಹುಡುಗಿಯ ಮೇಲೆ ಇಬ್ಬರು ಬೀಳುತ್ತಿದ್ದರು. ಕುಮಟೆಯ ಆಟ ಸತ್ತಿತು. ಹರೀಶ ಸರ್ ಗೆರೆಯ ಆಚೆ ನಿಂತು ಟೋಪಿ ಹಿಂಡುತ್ತಿದ್ದರು.

ಆಟ ಮುಗಿಯುತ್ತ ಬಂದಾಗ ಧನ್ಯಾಗೆ ಚೆಂಡು ಸಿಕ್ಕಿತು. ಅದೇ ಬಲಬದಿ, ಅದೇ ಗೆರೆ. ಅವಳು ಓಡಿದಳು. ಜನರಿಗೆ ಹಳೆಯದು ನೆನಪಾಯಿತು. "ಕಂಬ! ಕಂಬ!" ಎಂದು ಮೈದಾನವೆಲ್ಲ ಕೂಗಿತು. ಮೂಲೆಯ ಬಾವುಟ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಅದಕ್ಕಿಂತ ಸ್ವಲ್ಪ ಈಚೆ ಶಾಂಭವಿ ಬೆನ್ನು ಕೊಟ್ಟು ನಿಂತಿದ್ದಳು. ಅವಳ ಪಕ್ಕದಲ್ಲಿ ಆಗಲೇ ಇಬ್ಬರು. ರಿದಾ ಕೂಡ ಅತ್ತಲೇ ಬರುತ್ತಿದ್ದಳು.

ಧನ್ಯಾ ಶಾಂಭವಿಯ ಬೆನ್ನ ಹಿಂದೆ ಹೋಗಿ ಗಂಟಲು ಹರಿಯುವಂತೆ "ಖೋ!" ಎಂದಳು.

ಶಾಂಭವಿ ಚಿಮ್ಮಿದಳು. ಅವಳೊಂದಿಗೆ ಆ ಇಬ್ಬರೂ ಚಿಮ್ಮಿದರು, ರಿದಾಳೂ ಚಿಮ್ಮಿದಳು. ನಾಲ್ವರೂ ಚೆಂಡಿಲ್ಲದೆ ಗಾಳಿ ಒದೆಯುತ್ತ ಮೂಲೆಯ ಕಡೆ ಓಡಿದರು. ಚೆಂಡು ಧನ್ಯಾಳ ಕಾಲಡಿಯಲ್ಲೇ ಇತ್ತು.

ಖೋ ಹೇಳಿ ಕೊಡದಿರುವುದು ಖೋ-ಖೋದಲ್ಲಿ ಫೌಲು. ಹಿಡಿದ ದಿಕ್ಕು ಬಿಟ್ಟು ತಿರುಗುವುದು ಇನ್ನೊಂದು ಫೌಲು. ಅವಳು ತಿರುಗಿದಳು. ಈ ಸಲ ಭುಜವೂ ತಿರುಗಿತು. ಯಾರೂ ಪೀಪಿ ಊದಲಿಲ್ಲ. ಎದುರಿಗೆ ಗೋಲು, ಬಾಯಿ ತೆರೆದುಕೊಂಡು ನಿಂತ ಕೀಪರ್. ಧನ್ಯಾ ಬೂಟಿನ ತುದಿಯಿಂದ ಒದ್ದಳು. ಸೊಗಸಾದ ಒದೆತವೇನಲ್ಲ. ನೆಲಕ್ಕೆ ಎರಡು ಸಲ ಬಡಿದು, ಕೀಪರಿನ ಬೆರಳು ಸವರಿ, ಬಲೆಗೆ ಹೋಗಿ ಬಿತ್ತು.

ಉಳಿದ ಅಷ್ಟೂ ಹೊತ್ತು ಭಟ್ಕಳದವರು ಕುಮಟೆಯ ಗೋಲಿನೆದುರೇ ಇದ್ದರು. ಕಟ್ಟಕಡೆಗೆ ರಿದಾ ಹತ್ತಿರದಿಂದ ಬಾರಿಸಿದ ಚೆಂಡು ಗಣಪಿಯ ಎದೆಗೆ ಬಡಿದದ್ದು ಗುಬ್ ಎಂದು ಗೆರೆಯಾಚೆಗಿನವರಿಗೂ ಕೇಳಿಸಿತು. ಗಣಪಿ ಚೆಂಡನ್ನು ಅಪ್ಪಿಕೊಂಡು ಕುಕ್ಕರಿಸಿದಳು, ಪೀಪಿ ಊದುವವರೆಗೂ ಏಳಲಿಲ್ಲ.

ಆಮೇಲೆ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಹರೀಶ ಸರ್ ಟೋಪಿ ಎಲ್ಲೋ ಹಾರಿ ಹೋಗಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ "ಕಂಬ" ಎಂದು ಕೂಗಿದ್ದ ಹುಡುಗರೇ ಈಗ ಚಪ್ಪಾಳೆ ತಟ್ಟಿ "ಖೋ! ಖೋ!" ಎನ್ನುತ್ತಿದ್ದರು. ರಿದಾ ಬಂದು ಕೈ ಕೊಟ್ಟಳು.

"ಮೋಸ ಮಾಡ್ದೆ."

"ಹೌದು," ಎಂದಳು ಧನ್ಯಾ. "ಕಲಿಯೂಕೆ ಭಾಳ ಕಷ್ಟ ಆತು."

ರಿದಾ ನಕ್ಕುಬಿಟ್ಟಳು. "ಮುಂದಿನ ವರ್ಷ ನೋಡ್ಕೊಳ್ತೇನೆ."

"ಮುಂದಿನ ವರ್ಷ ನಾ ಇರೂದಿಲ್ಲ."

"ಒಳ್ಳೇದಾಯ್ತು."

ರೈಲು ಹತ್ತಿದ ಮೇಲೂ ಶಾಂಭವಿ ಕಪ್ಪನ್ನು ಯಾರ ಕೈಗೂ ಕೊಡಲಿಲ್ಲ. ಮುರ್ಡೇಶ್ವರ ಬಂತು, ಹೋಯಿತು. ಎಲ್ಲರೂ ಕೇಕೆ ಹಾಕುತ್ತಿದ್ದರೆ ಅವಳು ಅದನ್ನು ಎದೆಗೊತ್ತಿಕೊಂಡು ಕೂತಿದ್ದಳು. ಧನ್ಯಾ ಅವಳ ಪಕ್ಕಕ್ಕೆ ಸರಿದು ಕೂತಳು.

"ಯಂಗೆ ಸುಳ್ಳು ಖೋ ಕೊಟ್ಯಲೇ," ಎಂದಳು ಶಾಂಭವಿ ಕೊನೆಗೆ. "ಒಂದು ಮಾತು ಹೇಳ್ಲಾಗ್ತಿತ್ತಿಲ್ಯ?"

"ಹೇಳಿದ್ರೆ ನೀ ಹಾಂಗೆ ಓಡ್ತಿರ್ಲಿಲ್ಲ. ನೀ ನಂಬಿದ್ದಕ್ಕೇ ಅವ್ರೂ ನಂಬಿದ್ರು."

ಶಾಂಭವಿ ಕಪ್ಪನ್ನು ತಿರುಗಿಸಿ ಬುಡ ನೋಡಿದಳು. "ಇದು ಯೂನಿವರ್ಸಿಟಿ ಟೀಮಿಗೆ ಸಮ ಅಲ್ಲ."

"ಗೊತ್ತು."

"ಆದರೂ ಅಡ್ಡಿ ಇಲ್ಲೆ." ಕಪ್ಪನ್ನು ಧನ್ಯಾಳ ಮಡಿಲಿಗೆ ದೂಡಿದಳು. "ಹಿಡಿ. ಖೋ."

ಹೊನ್ನಾವರದ ಸೇತುವೆಯ ಮೇಲೆ ರೈಲು ದಡದಡಿಸುವಾಗ ಚಹಾದವನು ಬಂದ. ಗಣಪಿ ಕಪ್ ಕಿತ್ತುಕೊಂಡು ಅದರಲ್ಲೇ ಚಹಾ ಹಾಕಿಸಿದಳು. ಅಗ್ಗದ ಕಪ್ಪು, ಬೆಸುಗೆಯಲ್ಲಿ ಸೋರುತ್ತಿತ್ತು. ಖಾಲಿಯಾಗುವ ಮುಂಚೆ ಎಲ್ಲರೂ ಕುಡಿಯಬೇಕಿತ್ತು. ಒಬ್ಬಳು ಗುಟುಕರಿಸಿ ಪಕ್ಕದವಳ ಬೆನ್ನಿಗೆ ಗುದ್ದಿ ಖೋ ಎನ್ನುವಳು, ಅವಳು ಇನ್ನೊಬ್ಬಳಿಗೆ. ಕುಮಟೆ ಬರುವವರೆಗೂ ಆ ಡಬ್ಬಿಯಲ್ಲಿ ಬೇರೆ ಯಾರಿಗೂ ನಿದ್ದೆ ಮಾಡಲು ಬಿಡಲಿಲ್ಲ.