ಬೀಗ ಮುರಿಯದೆ ಒಳಗೆ ಬಂದವರು

ಮಸ್ಕಿಯ ಶಿವಕುಮಾರಿ ನಾಲ್ಕು ವರ್ಷ ಕೋರ್ಟಿಗೆ ಅಲೆದು ಕೊನೆಗೂ ವಿಚ್ಛೇದನ ಪಡೆದಳು. ಮನೆ ಅವಳ ಹೆಸರಿನಲ್ಲೇ ಇತ್ತು. ಅದನ್ನು ಮಾರಿ ಲಿಂಗಸುಗೂರಿನಲ್ಲಿ ಹೊಲಿಗೆ ಅಂಗಡಿ ಇಡಬೇಕು, ಮಗಳನ್ನು ಅಲ್ಲೇ ಓದಿಸಬೇಕು ಎಂದುಕೊಂಡಿದ್ದಳು.

ಅಷ್ಟರಲ್ಲಿ ಮನೆಯಲ್ಲಿ ಏನೋ ಶುರುವಾಯಿತು. ಕೆಲಸ ಮುಗಿಸಿ ಬಂದರೆ ಬಾಗಿಲ ಬೀಗ ಹಾಕಿದ್ದು ಹಾಕಿದಂತೆಯೇ ಇರುತ್ತಿತ್ತು. ಒಳಗೆ ಮಾತ್ರ ಗೋಡೆಗೆ ಸೀಮೆಸುಣ್ಣದ ಗೆರೆ. ಒಂದು ದಿನ ಪಡಸಾಲೆಯಲ್ಲಿ, ಮರುದಿನ ಅಡುಗೆಮನೆಯಲ್ಲಿ. ಮೂರನೆಯ ದಿನ, ಮಗಳು ಮಲಗುವ ಜಾಗದ ತಲೆದೆಸೆಗೆ ಕತ್ತರಿ ಗುರುತು. ಮರುದಿನ ಶಿವಕುಮಾರಿ ಕೆಲಸಕ್ಕೆ ಹೋಗದೆ ತಾಯಿಯನ್ನೂ ನೆರೆಯವರನ್ನೂ ಕರೆದು ತೋರಿಸಿದಳು.

“ಇದು ಬಾನಾಮತಿನ,” ಎಂದಳು ತಾಯಿ ಶಿವಬಸಮ್ಮ. “ಬಿಟ್ಟ ಗಂಡ ಸುಮ್ನಿರತಾನೇನು? ವೀರೇಂದ್ರನ ಮಾಡಿಸ್ಯಾನ. ಬಂದಷ್ಟಕ್ಕ ಮಾರಿ ನಡಿಯವ್ವ.”

ಪಕ್ಕದ ಮನೆಯ ನಾಗವೇಣಿ ಕಾನೂನು ನೆರವಿನ ಸ್ವಯಂಸೇವಕಿ. ಗೆರೆಗಳನ್ನು ಬಗ್ಗಿ ನೋಡಿದಳು. “ಬಾನಾಮತಿ ಫೂಟಿನ ಲೆಕ್ಕದಾಗ ಬರತೈತೇನು, ದೊಡ್ಡವ್ವ? ಇಲ್ಲಿ ಹನ್ನೆರಡು, ಒಂಬತ್ತು ಅಂತ ಬರದಾರ.”

ಆಗಲೇ ಮುಂಬಾಗಿಲಿಗೆ ಕೂಡಿಸಿದ ಬೀಗದಲ್ಲಿ ಹೊರಗಿನಿಂದ ಕೀಲಿ ತಿರುಗಿತು. ಮಟಮಟ ಮಧ್ಯಾಹ್ನ. ಮೂವರೂ ಮಗಳು ಮಲಗುವ ಕೋಣೆಯಿಂದ ಇಣುಕಿದರು.

ಗುರುತಿಲ್ಲದ ಒಬ್ಬ ಹೆಂಗಸು, ಹಿಂದೆ ಅವಳ ಗಂಡ. ಆಕೆ ತನ್ನದೇ ಮನೆಯೆಂಬಂತೆ ನೆಟ್ಟಗೆ ಅಡುಗೆಮನೆಗೆ ನಡೆದು, “ಈ ಗ್ವಾಡಿ ಕೆಡವೂಣು,” ಎಂದಳು. ತಿರುಗಿ ಶಿವಕುಮಾರಿಯನ್ನು ಕಂಡು ಬೆಚ್ಚಿದಳು.

“ಈ ಮನಿ ಹೆಣ್ಮಗಳು ಸಾಮಾನ ಇಲ್ಲೇ ಇಟ್ಟು ಊರು ಬಿಟ್ಟು ಹೋಗ್ಯಾಳ ಅಂದ್ರಲ್ಲ?”

“ಯಾರಂದ್ರು?”

“ವೀರೇಂದ್ರ ಅವರು. ಕೀಲಿ ಅವರ ಕೊಟ್ಟಾರ. ಆಕಿ ಸಹಿ ಮಾಡಿದ ಮುಖ್ತ್ಯಾರನಾಮಾನೂ ತೋರಿಸ್ಯಾರ. ನಾವು ಸಿಂಧನೂರಿನವರು, ಮೂರು ದಿನದಿಂದ ಅಳತಿ ತಗೊಂಡು ಕೆಡವೂ ಗ್ವಾಡಿಗೆ ಗುರುತು ಹಾಕೀವಿ. ನಾಡಿದ್ದು ರಿಜಿಸ್ಟ್ರಿ ಐತ್ರಿ.”

ಶಿವಕುಮಾರಿಗೆ ನೆನಪಾಯಿತು. ಮದುವೆಯಾದ ಹೊಸತರಲ್ಲಿ, “ನೀ ಆಫೀಸಿಗೆ ಅಲಿಯೂದು ಬ್ಯಾಡ, ನಾ ನೋಡ್ಕೋತೀನಿ,” ಎಂದು ಅವನು ಸಹಿ ಹಾಕಿಸಿಕೊಂಡಿದ್ದ. ಅವಳ ಬದಲು ಅವನೇ ಮನೆ ಮಾರಬಹುದು ಎಂಬ ಅಧಿಕಾರಪತ್ರ ಅದು. ಅವಳು ಮರೆತಿದ್ದಳು. ಅವನು ಮರೆತಿರಲಿಲ್ಲ.

“ಡೈವೋರ್ಸ್ ಆದಮ್ಯಾಲೆ ಅದೂ ಮುಗೀತಲ್ಲೇನು?” ಎಂದಳು ಶಿವಬಸಮ್ಮ.

“ಇಲ್ಲ, ದೊಡ್ಡವ್ವ,” ಎಂದಳು ನಾಗವೇಣಿ. “ಲಗ್ನ ಮುರದ್ರೂ ಅದು ತಾನಾಗಿ ರದ್ದಾಗಂಗಿಲ್ಲ. ನಾವ ಮಾಡಿಸಬೇಕು.”

ಮರುದಿನ ಬೆಳಿಗ್ಗೆಯೇ ಲಿಂಗಸುಗೂರಿನ ಬಸ್ಸು ಹತ್ತಿದರು. ನೋಂದಣಿ ಕಚೇರಿಯಲ್ಲಿ ರದ್ದತಿ ಪತ್ರ ನೋಂದಾಯಿಸಿದರು. ವೀರೇಂದ್ರನಿಗೆ ವಕೀಲರ ನೋಟಿಸು ಹೋಯಿತು, ಸಿಂಧನೂರಿನವರ ಕೈಗೆ ಒಂದು ಪ್ರತಿ. ಹೊಸ ಬೀಗ ತಂದವಳು ಶಿವಬಸಮ್ಮ. ತಿಂಗಳೊಪ್ಪತ್ತಿನಲ್ಲಿ ಸಿಂಧನೂರಿನವರೇ ಮನೆ ಕೊಂಡರು, ಆದರೆ ಈ ಸಲ ಶಿವಕುಮಾರಿಯ ಎದುರು ಕೂತು, ಅವಳೇ ಹೇಳಿದ ಬೆಲೆಗೆ.

ಅಕ್ಕಂದಿರೇ, ನಂಬಿಕೆಯಿದ್ದ ಕಾಲದಲ್ಲಿ ನೀವೂ ಯಾರಿಗಾದರೂ ಇಂಥ ಪತ್ರ ಬರೆದುಕೊಟ್ಟಿದ್ದೀರಾ? ಇವತ್ತೇ ಪೆಟ್ಟಿಗೆ ತೆಗೆದು ನೋಡಿ. ಬೇಡವಾದ ಪತ್ರವನ್ನು ರದ್ದು ಮಾಡಿಸಿ, ಅವರಿಗೂ ಬರಹದಲ್ಲಿ ತಿಳಿಸಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ. ನೀವು ಈಗ ಕೂತಿರುವ ಮನೆಯನ್ನು ಈ ಹೊತ್ತಿನಲ್ಲೇ ಯಾರೋ ಅಳೆಯುತ್ತಿರಬಹುದು.