ಬೀಗರು ಉಣ್ಣುವ ಮುಂಚೆ

ಬೀಗರ ಊಟದ ದಿನ ಬೀಗರು ಎಲೆ ಮುಂದೆ ಕೂರುವ ತನಕ ಮನೆಯವರು ತುತ್ತು ಮುಟ್ಟಬಾರದು. ಬಿಳೇಕಹಳ್ಳಿ ನಿಜವಾಗಿ ಹಳ್ಳಿಯಾಗಿದ್ದ ಕಾಲದಿಂದ ನಡೆದು ಬಂದದ್ದು. ರಾಗಿ ಬೆಳೆಯುತ್ತಿದ್ದ ಕಡೆ ಬಾಡಿಗೆ ಮನೆಗಳೆದ್ದವು, ದನದ ಕೊಟ್ಟಿಗೆಯಲ್ಲಿ ಕಾರು ನಿಂತಿತು. ಆ ಕಟ್ಟಳೆ ಮಾತ್ರ ಅಲ್ಲಾಡಲಿಲ್ಲ.

ಲಕ್ಷ್ಮಮ್ಮನ ಮಗ ದೀಪಕನ ಮದುವೆ ಮುಗಿದಿತ್ತು. ಸೊಸೆ ಶ್ವೇತಳ ತವರಿನವರು ಕನಕಪುರದಿಂದ ಬಸ್ಸು ಮಾಡಿಕೊಂಡು ಬರುತ್ತಿದ್ದರು. ತಾರಸಿಯ ಮೇಲೆ ಶಾಮಿಯಾನ, ಅದರ ಮೂಲೆಯಲ್ಲಿ ಕುರಿ ಸಾರಿನ ಹಬೆ. ಅರವತ್ತಾರರ ಲಕ್ಷ್ಮಮ್ಮ ಓಡಾಡುತ್ತಿದ್ದ ಚುರುಕು ನೋಡಿದವರಿಗೆ ಆಕೆಯ ಎದೆಯಲ್ಲಿ ಏನು ಕೂತಿದೆಯೆಂದು ತಿಳಿಯುವಂತಿರಲಿಲ್ಲ.

ಆಕೆಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳಬೇಕಿತ್ತು. ಡಾಕ್ಟರು ಎರಡು ಮಾತು ಹೇಳಿದ್ದರು: ಸಿಹಿ ಮುಟ್ಟಬೇಡಿ, ಸೂಜಿ ತಗೊಂಡ ಮೇಲೆ ಊಟ ತಡ ಮಾಡಬೇಡಿ. ಹೆದರಿದವರ ಕಿವಿಗೆ ಒಂದೇ ಮಾತು ಇಳಿಯುತ್ತದೆ. ಇದೇ ಕಾಯಿಲೆಗೆ ಅಕ್ಕ ಪುಟ್ಟತಾಯಮ್ಮನ ಕಾಲನ್ನು ಮೊಣಕಾಲಿನವರೆಗೆ ತೆಗೆದದ್ದನ್ನು ಕಣ್ಣಾರೆ ಕಂಡಿದ್ದ ಲಕ್ಷ್ಮಮ್ಮನಿಗೆ ಸಿಹಿಯೆಂದರೆ ಗರಗಸ. ಯುಗಾದಿಯ ಹೋಳಿಗೆಯನ್ನೂ ಮುಟ್ಟಿರಲಿಲ್ಲ. ವಿಷಯ ಗೊತ್ತಿದ್ದುದು ಗಂಡ ಬೋರಣ್ಣನಿಗೆ, ಮಗನಿಗೆ, ಅಷ್ಟೇ. ಹೆಣ್ಣು ನೋಡಲು ಹೋದಾಗ ಬೋರಣ್ಣ, “ನಮ್ಮನೇಲಿ ಬಿಪಿ ಇಲ್ಲ, ಶುಗರ್ ಇಲ್ಲ. ಎಲ್ಲಾ ರಾಗಿ ತಿಂದ ಮೈ” ಎಂದು ಎದೆ ತಟ್ಟಿಕೊಂಡು ಬಂದಿದ್ದ. ಅಂದಿನಿಂದ ಸೂಜಿ ಬೀರುವಿನಲ್ಲಿ ಸೀರೆಗಳ ಅಡಿ ಸೇರಿತ್ತು.

“ಅಕ್ಕಾ, ಪಾಯಸಕ್ಕೆ ಬೆಲ್ಲ ಸಾಕಾ ನೋಡ್ಬಿಡಿ” ಎಂದು ಅಡುಗೆಯ ಮುನಿಯಣ್ಣ ಸೌಟು ಚಾಚಿದ.

“ನೀನೇ ನೋಡ್ಕೊಳ್ಳೋ. ನಿನ್ ನಾಲಿಗೇನೂ ಬಾಡಿಗೆಗೆ ಕೊಟ್ಟಿದ್ಯಾ?”

“ಬೆಳಗ್ಗಿಂದ ಖಾರ ನೋಡಿ ನೋಡಿ ನನ್ ನಾಲಿಗೆ ಸತ್ತೋಗೈತೆ. ಸಪ್ಪಗಿದ್ರೆ ಬೀಗ್ರು ಬೈಯೋದು ನಿಮ್ಗೇ ತಾನೆ?”

ಪಕ್ಕದ ಮನೆಯ ಹೆಂಗಸರು ನೋಡುತ್ತಿದ್ದರು. ಬೇಡವೆಂದರೆ ಏಕೆ ಎನ್ನುತ್ತಾರೆ. ಲಕ್ಷ್ಮಮ್ಮ ಒಂದು ಚಮಚದಷ್ಟು ನೆಕ್ಕಿದಳು. ಅದು ಗಂಟಲಲ್ಲಿ ಇಳಿಯುವಾಗಲೇ ಕಾಲು ಜುಮ್ಮೆಂದಂತಾಯಿತು.

ಅಷ್ಟರಲ್ಲಿ ಬೋರಣ್ಣ ಫೋನು ಎತ್ತಿ ಹಿಡಿದು ಕೂಗಿದ: “ಗೊಟ್ಟಿಗೆರೆ ದಾಟವ್ರಂತೆ! ಇನ್ನೇನ್ ಬಂದೇಬಿಟ್ರು, ಎಲೆ ಹಾಕ್ರೋ!”

ಲಕ್ಷ್ಮಮ್ಮ ಮೆಲ್ಲಗೆ ಕೆಳಗಿಳಿದು, ಕೋಣೆಯ ಬಾಗಿಲು ಮುಂದೆ ಮಾಡಿ, ಸೂಜಿ ಚುಚ್ಚಿಕೊಂಡು ಮತ್ತೆ ತಾರಸಿಗೆ ಬಂದಳು.

ಬೀಗರು ಬರಲಿಲ್ಲ. ಹುಳಿಮಾವಿನ ಹತ್ತಿರ ಲಾರಿ ಕೆಟ್ಟು ನಿಂತಿದೆಯಂತೆ, ಬಸ್ಸು ಅಲ್ಲಾಡುತ್ತಿಲ್ಲವಂತೆ. ಒಂದು ಗಂಟೆ ಕಳೆಯಿತು. ಹಾಕಿದ ಎಲೆಗಳು ಬಿಸಿಲಿಗೆ ಬಾಡಿದವು.

ಮೊದಲು ಕೈ ನಡುಗಿತು. ಆಮೇಲೆ ಬೆನ್ನಲ್ಲಿ ತಣ್ಣನೆಯ ಬೆವರು. ಎದೆ ಬಡಿತ ತನಗೇ ಕೇಳಿಸತೊಡಗಿತು. ಎದುರಿಗಿದ್ದ ಮುನಿಯಣ್ಣನ ಮುಖ ಒಂದಿದ್ದದ್ದು ಎರಡಾಯಿತು. ಲಕ್ಷ್ಮಮ್ಮನಿಗೆ ನೆನಪಾದದ್ದು ಆ ಚಮಚ ಪಾಯಸ. ಏರಿಬಿಟ್ಟಿದೆ. ಕಣ್ಣಿಗೆ ಬಂತು, ಇನ್ನು ಕಾಲಿಗೆ. ಅಕ್ಕ ಆಸ್ಪತ್ರೆ ಮಂಚದಲ್ಲಿ ಇಲ್ಲದ ಪಾದವನ್ನು ಕೆರೆದುಕೊಳ್ಳಲು ಕೈ ಚಾಚುತ್ತಿದ್ದದ್ದು ಕಣ್ಣ ಮುಂದೆ ಬಂತು.

ನಡೆದರೆ ಸಕ್ಕರೆ ಇಳಿಯುತ್ತದೆಂದು ಯಾರೋ ಅಂದಿದ್ದರು. ಆಕೆ ಮೆಟ್ಟಿಲು ಇಳಿದಳು, ಹತ್ತಿದಳು, ಮತ್ತೆ ಇಳಿದಳು. ಕಾಲು ತನ್ನದಲ್ಲವೆನ್ನಿಸಿತು. ಯಾರನ್ನಾದರೂ ಕೂಗೋಣವೆಂದರೆ ಏನೆಂದು ಕೂಗುವುದು? ಇಷ್ಟು ದಿನ ಮುಚ್ಚಿಟ್ಟದ್ದನ್ನು ಬೀಗರು ಬರುವ ದಿನವೇ ಬಿಚ್ಚುವುದೇ? ಗೋಡೆ ಹಿಡಿದುಕೊಂಡು ಕೋಣೆ ಸೇರಿ ಬೀರು ತೆಗೆದಳು. ಇನ್ನೊಂದು ಸಲ ಚುಚ್ಚಿಕೊಂಡರೆ ಇಳಿದೀತು. ಸೂಜಿಯ ಮುಚ್ಚಳ ಬೆವರಿದ ಬೆರಳಿಗೆ ಸಿಗದೆ ಜಾರಿತು.

“ಅತ್ತೆ? ಏನದು ಕೈಲಿ?”

ಬಾಗಿಲಲ್ಲಿ ಶ್ವೇತ.

“ಏನಿಲ್ಲ, ಹೋಗಮ್ಮ...” ನಾಲಿಗೆ ಹೊರಳಲಿಲ್ಲ.

ಶ್ವೇತ ಅತ್ತೆಯ ಕೈ ಮುಟ್ಟಿದಳು. ಮಂಜುಗಡ್ಡೆ. ಸೂಜಿಯನ್ನು ನೋಡಿದಳು. “ಇದು ನಮ್ ತಾತ ತಗೊಳ್ಳೋದಲ್ವಾ? ಆಗ್ಲೇ ಒಂದ್ಸಲ ತಗೊಂಡ್ರಾ?”

ಲಕ್ಷ್ಮಮ್ಮ ಹೌದೆಂದು ತಲೆಯಾಡಿಸಿದಳು.

“ಊಟ?”

“ಬೀಗ್ರು ಉಣ್ದೆ... ನಾನೆಂಗೆ ಉಣ್ಲಿ?”

ಶ್ವೇತ ಸೂಜಿ ಕಿತ್ತುಕೊಂಡು ಓಡಿದಳು. ಬಂದವರಿಗೆ ಕೊಡಲೆಂದು ಬಾಗಿಲ ಬಳಿ ಸುರಿದಿಟ್ಟಿದ್ದ ಮಾವಿನ ಜ್ಯೂಸಿನ ಲೋಟ ತಂದು ತುಟಿಗೆ ಹಿಡಿದಳು. ಲಕ್ಷ್ಮಮ್ಮ ಹಲ್ಲು ಕಚ್ಚಿದಳು. ಸೊಸೆ ತನ್ನನ್ನು ಕೊಲ್ಲಲು ಬಂದಂತೆ ಕಂಡಿತು. ಲೋಟ ತಳ್ಳಿದ ರಭಸಕ್ಕೆ ಅರ್ಧ ಜ್ಯೂಸು ರೇಷ್ಮೆ ಸೀರೆಯ ಮೇಲೆ.

“ಬೇಡ! ನನ್ ಕಾಲು ತೆಗೀತಾರೆ!”

“ಅತ್ತೆ, ಶುಗರ್ ಏರಿಲ್ಲ, ಇಳಿದೋಗಿದೆ. ಈಗ ಕುಡೀದಿದ್ರೆ ಪ್ರಾಣ ಹೋಗುತ್ತೆ. ಬಾಯಿ ತೆಗೀರಿ. ಕಾಲಿನ್ ವಿಷ್ಯಕ್ಕೆ ಆಮೇಲೆ ಜಗಳ ಆಡೋಣ!”

ಮನೆಗೆ ಬಂದು ವಾರವಾಗದ ಹುಡುಗಿ ಗದರಿದಳು. ಆ ಗದರಿಕೆಗೋ, ಮೈಯಲ್ಲಿ ಶಕ್ತಿ ಉಳಿಯದ್ದಕ್ಕೋ, ಲಕ್ಷ್ಮಮ್ಮ ಬಾಯಿ ತೆರೆದಳು. ನಂಜು ಕುಡಿಯುವವಳಂತೆ ಕಣ್ಣು ಮುಚ್ಚಿ ಗುಟುಕರಿಸಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆ ಸ್ವಲ್ಪ ಹೊತ್ತು ಶ್ವೇತಳ ಮುಖವೂ ಬಿಳುಚಿಕೊಂಡಿತ್ತು. ಆಮೇಲೆ ಎದುರಿಗೆ ಎರಡಾಗಿ ಕಾಣುತ್ತಿದ್ದ ಶ್ವೇತ ಒಬ್ಬಳಾದಳು.

“ಈಗ ಎದ್ದು ಉಣ್ಣಿ. ಜ್ಯೂಸ್ ಒಂದೇ ಸಾಲಲ್ಲ.”

“ನಿಮ್ಮವ್ರು ಬರ್ಲಿ...”

“ನಮ್ಮವ್ರು ಲಾರಿ ತಳ್ಳಿಸ್ಕೊಂಡ್ ಬರ್ತಾರೆ, ಬಿಡಿ.”

ಖಾಲಿ ಪಂಕ್ತಿಯಲ್ಲಿ ಲಕ್ಷ್ಮಮ್ಮ ಒಬ್ಬಳೇ ಕೂತಳು. ಮುದ್ದೆ, ಸಾರು, ಸೊಪ್ಪಿನ ಪಲ್ಯ. ಬೋರಣ್ಣ ದೂರದಿಂದ ಕಣ್ಣು ಕೆಂಪಗೆ ಮಾಡಿದ. ಎರಡು ತುತ್ತು ಇಳಿದಿತ್ತು, ಮೆಟ್ಟಿಲಲ್ಲಿ ಸದ್ದಾಯಿತು. ಮುಂದೆ ಬೀಗಿತ್ತಿ ವಿಜಯಲಕ್ಷ್ಮಿ, ಹಿಂದೆ ಇಡೀ ಬಸ್ಸು.

“ಅಯ್ಯೋ ಶಿವನೇ! ನಮ್ಗಿಂತ ಮುಂಚೆ ಉಂಡೇಬಿಟ್ರಾ ಬೀಗಿತ್ತಿ? ಉಳ್ಸಿದ್ದೀರೋ ಇಲ್ವೋ?”

ಎಲ್ಲರೂ ಗೊಳ್ಳೆಂದರು. ವಿಜಯಲಕ್ಷ್ಮಿ ನಗುತ್ತಲೇ ತಾವು ತಂದ ಬುಟ್ಟಿಯಿಂದ ಹೋಳಿಗೆಯೊಂದನ್ನು ಎತ್ತಿ, “ತಗೊಳ್ಳಿ, ತಪ್ಪಿಗೆ ಇದು ದಂಡ” ಎಂದು ಬಾಯಿಗೆ ಹಿಡಿದರು.

ಲಕ್ಷ್ಮಮ್ಮನ ಎದೆ ಮತ್ತೆ ಬಡಿದುಕೊಂಡಿತು. ಈ ಸಲ ಅದು ಸೂಜಿಯಿಂದಲ್ಲ. ಬೋರಣ್ಣ ಆಕಾಶ ನೋಡುತ್ತಿದ್ದ.

“ಬ್ಯಾಡಿ ಬೀಗಿತ್ತಿ” ಎಂದಳು. “ನಂಗೆ ಸಕ್ಕರೆ ಕಾಯಿಲೆ. ಸೂಜಿ ತಗೋತೀನಿ. ಹೊತ್ತಿಗೆ ಸರ್ಯಾಗಿ ಉಣ್ಬೇಕು, ಇಲ್ದಿದ್ರೆ ಬಿದ್ದೋಗ್ತೀನಿ. ಈಗ ಬಿದ್ದೇ ಹೋಗ್ತಿದ್ದೆ.”

ನಗು ನಿಂತಿತು. ವಿಜಯಲಕ್ಷ್ಮಿಯ ಕೈ ಹೋಳಿಗೆ ಸಮೇತ ಗಾಳಿಯಲ್ಲೇ ನಿಂತಿತು. ಆಕೆ ಬೋರಣ್ಣನ ಕಡೆ ತಿರುಗಿದರು.

“ಏನ್ ಬೀಗ್ರೇ, ರಾಗಿ ತಿಂದ ಮೈ ಅಂದಿದ್ರಿ?”

ಬೋರಣ್ಣ ನೀರಿನ ಲೋಟ ಜೋಡಿಸತೊಡಗಿದ. ವಿಜಯಲಕ್ಷ್ಮಿ ಹೋಳಿಗೆಯನ್ನು ಬುಟ್ಟಿಗೆ ಹಾಕಿ, ಸೆರಗು ಸಿಕ್ಕಿಸಿ, ಲಕ್ಷ್ಮಮ್ಮನ ಪಕ್ಕದ ಬಾಡಿದ ಎಲೆಯ ಮುಂದೆಯೇ ಕೂತರು. “ಉಣ್ಣಿ ಬೀಗಿತ್ತಿ, ನಿಲ್ಲಿಸ್ಬೇಡಿ. ಲೋ, ನಮ್ಗೂ ಮುದ್ದೆ ತನ್ರೋ!”

ಲಕ್ಷ್ಮಮ್ಮ ಮುದ್ದೆ ಮುರಿದಳು. ಮುಂದಿನ ಹಬ್ಬ, ಅದರ ಮುಂದಿನ ಮದುವೆಯಲ್ಲೂ ಹೀಗೇ ಎಲ್ಲರಿಗಿಂತ ಮುಂಚೆ ಉಣ್ಣಬೇಕಲ್ಲ ಎಂದು ನೆನೆದರೆ ಹೆದರಿಕೆಯಾಗುತ್ತಿತ್ತು. ತುತ್ತನ್ನು ಸಾರಿನಲ್ಲಿ ಹೊರಳಿಸಿ, ನಿಧಾನವಾಗಿ ನುಂಗಿದಳು.