ಒರೆಸಿದರೂ ಹೋಗದ ಕಲೆ

ಆ ಹಸಿರು ಜಿಡ್ಡು, ಫ್ರೇಮಿನಲ್ಲಿ ಮೂಗಿಗೆ ಒರಗುವ ಪುಟ್ಟ ರಬ್ಬರಿನ ಸಂದಿಯಲ್ಲಿ, ಯಾರ ಮೂಗಿನದೋ, ಎಷ್ಟು ವರ್ಷದ ಬೆವರೋ — ಈ ಕನ್ನಡಕದಂಗಡಿಗೆ ಸೇರಿ ಆರು ವರ್ಷವಾಯಿತು, ಒಂದು ದಿನವೂ ಇದು ಅವಳ ಮೂಗಿಗೆ ಬಡಿದದ್ದಿಲ್ಲ, ಈಗ ಬಸಿರಿನ ಎಂಟನೇ ತಿಂಗಳಲ್ಲಿ ಬಡಿಯುತ್ತಿದೆ, ಮುಗ್ಗಿದ ಬೆಣ್ಣೆಯ ಹಾಗೆ, ಥೂ, ಬೆರಳಿಗೂ ಅಂಟಿತು, ಬೆರಳುಗಳು ಬೇರೆ ಬಾತುಕೊಂಡಿವೆ, ಮೊನ್ನೆ ಸೋಪು ಹಚ್ಚಿ ಉಂಗುರ ಎಳೆದು ತೆಗೆದದ್ದು. ಮಸೂರದ ಮೇಲೂ ಒಂದು ಜಿಡ್ಡಿನ ಕಲೆ, ಮಿಣಮಿಣ ಅನ್ನುವಂಥದ್ದು, ಒರೆಸಿದಳು, ಹೋಗಲಿಲ್ಲ, ಬೆಳಿಗ್ಗೆ ಬಚ್ಚಲಿನ ಕನ್ನಡಿಯ ಮೇಲೂ ಇಂಥದೇ ಕಲೆಯಿತ್ತು, ಗಂಡ ಹಲ್ಲುಜ್ಜಿ ಉಗಿದದ್ದೇ ಇರಬೇಕು, ಮನುಷ್ಯನಿಗೆ ನೀರು ಸುರಿಯುವಷ್ಟೂ ಕೈ ಬಗ್ಗುವುದಿಲ್ಲ. ತಲೆ ಮೂರು ದಿನದಿಂದ ಬಲಗಣ್ಣಿನ ಹಿಂದೆ ಒಂದೇ ಸಮನೆ ಕುಟ್ಟುತ್ತಿದೆ, ನೀರು ಕುಡಿದಾಯಿತು, ಒದ್ದೆ ಬಟ್ಟೆ ಕಟ್ಟಿದ್ದಾಯಿತು, ಕತ್ತಲೆ ಕೋಣೆಯಲ್ಲಿ ಮಲಗಿದ್ದಾಯಿತು, ಅಲ್ಲಿಗೂ ಅತ್ತೆ ಬಂದು ಕೇಳದೆ ಮಾಡದೆ ಮುಲಾಮು ಮೆತ್ತಿದರು, ಅದು ಕರಗಿ ತುಟಿಗಿಳಿಯಿತು, ಬಸಿರು ಅಂದ್ಮೇಲೆ ತಲೆ ನೋಯ್ದೇ ಇರುತ್ತೇನೇ, ನಂಗೂ ನೋಯ್ತಿತ್ತು, ನಿನ್ನ ಗಂಡ ಏನು ಕಮ್ಮಿಯಾಗಿ ಹುಟ್ಟಿದ್ನಾ — ಇಲ್ಲವಪ್ಪಾ, ಏನೂ ಕಮ್ಮಿಯಿಲ್ಲ, ಅಗಿಯುವ ಸದ್ದು ಮೂರು ಮನೆಗೆ ಕೇಳಿಸುತ್ತದೆ.

ಡಾಕ್ಟರಮ್ಮ ಹೇಳಿದ್ದು ಬೇರೆ, ತಲೆನೋವು ಬಂದು ಹೋದ್ರೆ ಪರವಾಗಿಲ್ಲ, ಹೋಗ್ದೇ ನಿಂತ್ರೆ, ಕಣ್ಣಿಗೇನಾದ್ರೂ ಆಯ್ತು ಅಂದ್ರೆ, ನಾಳೆ ಅನ್ಬೇಡಿ, ಆ ಗಳಿಗೆನೇ ಬನ್ನಿ, ಬಿ.ಪಿ. ಏರಿದ್ರೆ ಮಗೂಗೂ ಕಷ್ಟ, ನಿಮ್ಗೂ ಕಷ್ಟ. ಕಣ್ಣಿಗೇನಾಗಿದೆ, ಏನೂ ಇಲ್ಲ, ದಿನಾ ಬಾಗಿಲು ತೆಗೆದ ತಕ್ಷಣ ಅಕ್ಷರಪಟದ ಮುಂದೆ ಕೂತು, ಒಂದು ಕಣ್ಣು ಮುಚ್ಚಿ, ಮೇಲಿನ ದಪ್ಪ ಗ ದಿಂದ ಹಿಡಿದು ಕೊನೆಯ ಸಾಲಿನ ತನಕ ಓದುತ್ತಾಳೆ, ಇವತ್ತೂ ಓದಿದಳು, ಒಂದೂ ತಪ್ಪಿಲ್ಲ, ತಪ್ಪಿಲ್ಲ ಅಂದ ಮೇಲೆ ಆಸ್ಪತ್ರೆಗೇಕೆ, ಆ ಫಿನಾಯಿಲ್ ವಾಸನೆ, ಆ ಉಚ್ಚೆಯ ಬಾಟಲಿ, ಥೂ.

ಮಾಲೀಕರು ಉಂಡು ಬಂದರು, ಹಸಿ ಈರುಳ್ಳಿಯ ಬಾಯಿ ಅವರಿಗಿಂತ ಮೊದಲು ಒಳಗೆ ಬಂತು, ಏನಮ್ಮಾ, ಅಜ್ಜಿ ಕಾಯ್ತಿದಾರೆ, ಬೇಗ ನೋಡು. ಅಜ್ಜಿಯ ತಲೆಯೆಣ್ಣೆ, ಅಜ್ಜಿಯ ಕಿವಿಯ ಗುಗ್ಗೆ, ಉಸಿರು ಬಿಗಿಹಿಡಿದು ಫ್ರೇಮು ಏರಿಸಿದಳು, ಓದಿ ಅಜ್ಜಿ. ಪ. ತಪ್ಪು ಅಜ್ಜಿ, ಸರಿಯಾಗಿ ನೋಡಿ, ಗಾಜು ಬದಲಾಯಿಸಿದಳು, ಈಗ? ಈಗ್ಲೂ ಪ ನೇ ಕಣವ್ವಾ. ಆ ಮಿಣಮಿಣ ಜಿಡ್ಡು ಈ ಗಾಜಿನ ಮೇಲೂ, ಒರೆಸಿದಳು, ಇನ್ನೊಂದು ಹಾಕಿದಳು, ಅದರ ಮೇಲೂ, ಇಡೀ ಅಂಗಡಿಗೆ ಯಾರು ಎಣ್ಣೆ ಬಳಿದಿದ್ದಾರೆ — ಪ ಕಣೇ ಮಾರಾಯ್ತಿ, ಕಣ್ಣು ನಂದು ಕೆಟ್ಟಿದೆಯೋ ನಿಂದೋ! ಮಾಲೀಕರು ನಕ್ಕರು, ಅಜ್ಜಿ ಸರಿಯಾಗೇ ಓದ್ತಿದಾರಲ್ಲಮ್ಮಾ, ಊಟಕ್ಕೆ ಹೋಗೋವಾಗ ಪಟ ತಿರುಗಿಸಿ ಹಿಂದಿನ ಬೇರೆ ಅಕ್ಷರ ಮುಂದಕ್ಕಿಟ್ಟು ಹೋಗಿದ್ದೆ, ಎದುರಿಗೇ ನಿಂತಿದೀಯ, ಕಾಣಿಸ್ತಿಲ್ವಾ?

ಪಟ ತಿರುಗಿಸುವ ಉಪಾಯ ಹೇಳಿಕೊಟ್ಟವಳೇ ಅವಳು. ಲೈಸೆನ್ಸಿಗೆ ಬಂದ ಲಾರಿ ಡ್ರೈವರೊಬ್ಬ ಬೆಂಚಿನಲ್ಲಿ ಕೂತೇ ಉರುಹೊಡೆದು ಗಡಗಡ ಒಪ್ಪಿಸಿದ್ದ, ಕಳ್ಳ, ನಾಲ್ಕು ಜನರ ಮುಂದೆ ಅವನ ಮಾನ ತೆಗೆದಿದ್ದಳು, ರಸ್ತೇಲಿ ಯಾರದಾದ್ರೂ ಮಗು ಅಡ್ಡ ಬಂದ್ರೆ ಅದನ್ನೂ ಬಾಯಿಪಾಠ ಮಾಡಿರ್ತೀಯೇನೋ — ಮತ್ತೆ ಇವಳು, ಮೂರು ದಿನದಿಂದ, ದಿನಾ ಬೆಳಿಗ್ಗೆ, ಆರು ವರ್ಷದ ಬಾಯಿಪಾಠ, ಥೂ ನಿನ್ನ, ಅನ್ನಿಸಿತು, ಈರುಳ್ಳಿಗಿಂತ, ಮುಲಾಮಿಗಿಂತ ತನ್ನ ಮೇಲೇ ಹೇಸಿಗೆಯಾಯಿತು, ಹೊಟ್ಟೆಯೊಳಗೆ ಮಗು ಸುಮ್ಮನಿತ್ತು, ಎಷ್ಟು ಹೊತ್ತಿನಿಂದ ಸುಮ್ಮನಿದೆ, ಸಾರ್, ಗಾಡಿ ಕರೀರಿ, ಆಸ್ಪತ್ರೆಗೆ, ಈಗ್ಲೇ. ಪಟವನ್ನು ನೋಡಿದಳು, ಅಂಚು ಕಂಡಿತು, ಮೊಳೆ ಕಂಡಿತು, ನಡುವೆ ಅಕ್ಷರವಿರಬೇಕಾದಲ್ಲಿ ಜಿಡ್ಡಿನ ಕಲೆ, ಸುತ್ತ ಗರಗಸದ ಹಲ್ಲು, ಮಿಣಮಿಣ. ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟು ಕಣ್ಣು ಮುಚ್ಚಿದಳು. ಕಲೆ ಅಲ್ಲೇ ಇತ್ತು.